ಕಾಂಪೌಂಡ್ ಕಟ್ಟಿದ ವರ್ಷ

ನಾನು ಕನ್ನಡ ಕಲಿಸುತ್ತಿದ್ದ ಸರಕಾರಿ ಪ್ರೌಢಶಾಲೆ ಇದ್ದದ್ದು ಶಹಾಬಾದ ಊರು ಮುಗಿದು ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಯಾರ್ಡುಗಳು ಶುರುವಾಗುವ ಕಡೆ. ಮೊದಮೊದಲು ಒಂದು ಹಳೆಯ ಗೋದಾಮಿನಲ್ಲಿ ನಡೆಯುತ್ತಿತ್ತಂತೆ. ತೊಂಬತ್ತರ ದಶಕದಲ್ಲಿ ನಾನು ಬಂದು ಸೇರುವ ಹೊತ್ತಿಗೆ ಸ್ವಂತ ಕೋಣೆಗಳಾಗಿದ್ದವು. ಗೋಡೆ ಕಲ್ಲು, ನೆಲ ಕಲ್ಲು, ಮಾಳಿಗೆಯೂ ಕಬ್ಬಿಣದ ಗರ್ಡರುಗಳ ಮೇಲೆ ಹಾಸಿದ ಕಲ್ಲು. ಬೇರೆ ಊರಿನವರು ನಂಬುವುದಿಲ್ಲ, ನಮ್ಮ ಕರಿಹಲಗೆಯೂ ಕಲ್ಲೇ. ಪಾಲಿಶ್ ಮಾಡಿದ ದೊಡ್ಡ ಫರ್ಸಿಯೊಂದನ್ನು ಗೋಡೆಗೆ ಕೂರಿಸಿ ಕಪ್ಪು ಬಣ್ಣ ಬಳಿದಿದ್ದರು. ನುಣುಪಿಗೆ ಸೀಮೆಸುಣ್ಣ ಜಾರುತ್ತಿತ್ತು. ಏಪ್ರಿಲ್ಲಿನಲ್ಲಿ ಅಂಗೈ ಇಟ್ಟರೆ ಬಿಸಿ ಹತ್ತುತ್ತಿತ್ತು.

ಉಳಿದ ಸವಲತ್ತು ಅಂದರೆ ಇಷ್ಟು. ಹತ್ತನೆಯ ತರಗತಿಗೆ ಮಾತ್ರ ಬೆಂಚು, ಎಂಟು ಒಂಬತ್ತಕ್ಕೆ ನೆಲವೇ ಬೆಂಚು. ವಿಜ್ಞಾನದ ಸಾಮಾನು ಒಂದು ಕಬ್ಬಿಣದ ಕಪಾಟಿನಲ್ಲಿ. ಗ್ರಂಥಾಲಯ ಎಂದರೆ ಹೆಡ್‌ಮಾಸ್ತರರ ಕೋಣೆಯ ಮೂಲೆಯಲ್ಲಿದ್ದ ತಗಡಿನ ಟ್ರಂಕು, ಅದನ್ನು ಶನಿವಾರ ನಾನು ತೆರೆಯುತ್ತಿದ್ದೆ. ವಾಲಿಬಾಲ್ ಆಡಲು ಬಲೆ ಇತ್ತು, ಬಲೆಯ ಒಂದು ಕಡೆಗೆ ಕಂಬ ಇತ್ತು, ಇನ್ನೊಂದು ಕಡೆ ಬೇವಿನ ಗಿಡ. ಅಂಗಳದ ನಡುವೆ ಕೈ ಪಂಪಿನ ಬೋರಿಂಗ್. ಅದರ ನೀರು ಸ್ವಲ್ಪ ಗಡಸಾದರೂ ಎಂದೂ ನಿಂತದ್ದಿಲ್ಲ.

ಇಲ್ಲದ್ದು ಎರಡು. ಒಂದು ಕಾಂಪೌಂಡ್. ಇನ್ನೊಂದರ ಬಗ್ಗೆ ಯಾರೂ ಮಾತೆತ್ತುತ್ತಿರಲಿಲ್ಲ.

ಕಾಂಪೌಂಡ್ ಇಲ್ಲದ್ದಕ್ಕೆ ನಮಗೆ ಹತ್ತನೆಯ ತರಗತಿಯ ಪರೀಕ್ಷಾ ಕೇಂದ್ರ ಕೊಟ್ಟಿರಲಿಲ್ಲ. ನಮ್ಮ ಮಕ್ಕಳು ಪರೀಕ್ಷೆ ಬರೆಯಲು ಚಿತ್ತಾಪುರಕ್ಕೆ ಹೋಗಬೇಕಿತ್ತು. ಗಂಡು ಹುಡುಗರು ಲಾರಿ ಹತ್ತಿಯಾದರೂ ಹೋಗುತ್ತಿದ್ದರು. ಹುಡುಗಿಯರನ್ನು ಕಳಿಸುವವರು ಕಡಿಮೆ. ವರ್ಷವೆಲ್ಲ ಓದಿ ಪರೀಕ್ಷೆಯ ಹೊತ್ತಿಗೆ ಮನೆಯಲ್ಲಿ ಉಳಿದುಬಿಡುತ್ತಿದ್ದರು. ಕೇಂದ್ರ ನಮ್ಮಲ್ಲೇ ಆದರೆ ಎಲ್ಲರೂ ಬರೆಯುತ್ತಾರೆ ಎಂಬುದು ಹೆಡ್‌ಮಾಸ್ತರರ ಮಾತು, ನನ್ನ ಮಾತೂ ಅದೇ. ಹೊರಗಿನಿಂದ ನಕಲು ಚೀಟಿ ಎಸೆಯುವವರು ಹತ್ತದಷ್ಟು ಎತ್ತರದ ಗೋಡೆ ಇರಬೇಕು, ಒಂದೇ ಬಾಗಿಲು ಇರಬೇಕು ಎಂದು, ಶಾಲೆ ನೋಡಲು ಬಂದ ಅಧಿಕಾರಿ ಹೇಳಿ ಹೋದರು.

ನಮ್ಮ ಕಡೆ ಗೋಡೆ ಎಬ್ಬಿಸಲು ಗಾರೆ ಬೇಕಿಲ್ಲ. ಉದ್ದನೆಯ ಫರ್ಸಿಗಳನ್ನು ನೆಲದಲ್ಲಿ ಹೂತು ಒಂದರ ಪಕ್ಕ ಒಂದು ನೆಟ್ಟಗೆ ನಿಲ್ಲಿಸುತ್ತಾ ಹೋದರೆ ಆಯಿತು. ಮೂಲೆ ಒಡೆದ, ಬಣ್ಣ ಕೆಟ್ಟ ಕಲ್ಲುಗಳನ್ನು ಯಾರ್ಡಿನವರು ಪುಕ್ಕಟೆ ಕೊಟ್ಟರು. ರವಿವಾರ ರವಿವಾರ ಮಕ್ಕಳ ಅಪ್ಪಂದಿರು ಸಲಿಕೆ, ಹಾರೆ ಹಿಡಿದು ಬಂದು ನಿಲ್ಲಿಸಿದರು. ನಮ್ಮ ಮನೆ ಶಾಲೆಯ ಎದುರಿಗೇ, ರಸ್ತೆ ದಾಟಿದರೆ ಸಿಗುತ್ತಿತ್ತು. ಎಲ್ಲರಿಗೂ ಚಹಾ ನಾನೇ ಮಾಡಿ ಕಳಿಸಿದೆ. ದೀಪಾವಳಿಗೆ ಮುಂಚೆ ಕೆಲಸ ಮುಗಿಯಿತು. ಕಬ್ಬಿಣದ ಗೇಟು ಕೂತಿತು. ಇನ್ನು ಹುಡುಗರು ವೀಡಿಯೋ ಸಿನಿಮಾ ನೋಡಲು ಓಡಿಹೋಗುವುದು ನಿಂತಿತು ಎಂದು ಹೆಡ್‌ಮಾಸ್ತರರು ಪ್ರಾರ್ಥನೆ ಮುಗಿದ ಕೂಡಲೇ ಗೇಟಿಗೆ ಕೀಲಿ ಹಾಕಿ ಕೀಲಿಕೈಯನ್ನು ಕಿಸೆಯಲ್ಲಿಟ್ಟುಕೊಂಡರು.

ಆ ಮೊದಲ ದಿನವೇ, ಎರಡನೆಯ ಪಿರಿಯಡ್ ಮುಗಿದಾಗ, ಒಂಬತ್ತನೆಯ ತರಗತಿಯ ಇಬ್ಬರು ಹುಡುಗಿಯರು ಬಂದು ನನ್ನ ಮುಂದೆ ನಿಂತರು. ಒಬ್ಬಳು ಕಿರುಬೆರಳು ಎತ್ತಿದಳು.

ಶಾಲೆಯ ಹಿಂದೆ ಕೈಬಿಟ್ಟ ಒಂದು ಖಣಿ ಇತ್ತು. ಕಲ್ಲು ತೆಗೆದು ಬಿಟ್ಟ ತಗ್ಗು, ಸುತ್ತ ಜಾಲಿ ಕಂಟಿ. ಶಾಲೆ ಶುರುವಾದಾಗಿನಿಂದ ಹುಡುಗಿಯರು ಅಲ್ಲಿಗೆ ಹೋಗುತ್ತಿದ್ದರು. ಯಾರಾದರೂ ಶಾಲೆಯ ಸವಲತ್ತು ಬರೆದುಕೊಡಿ ಎಂದಾಗ ಬೋರಿಂಗ್ ಬರೆದಿದ್ದೆವು, ಬೇವಿನ ಗಿಡ ಕೂಡ ಬರೆದಿದ್ದೆವು, ಆ ಖಣಿಯನ್ನು ಯಾರೂ ಬರೆದಿರಲಿಲ್ಲ. ಬರೆಯದ ಜಾಗ ಗೋಡೆಯ ಆಚೆ ಉಳಿಯಿತು. ಗಂಡು ಮಾಸ್ತರರಿಗೆ ಹೊಳೆಯಲಿಲ್ಲ, ಬೇಕಾದಾಗ ಎದುರಿನ ಮನೆಗೆ ಹೋಗಿಬರುತ್ತಿದ್ದ ಹೆಂಗಸು ನನಗೂ ಹೊಳೆಯಲಿಲ್ಲ.

ಹೆಡ್‌ಮಾಸ್ತರರು ಕೆಟ್ಟವರಲ್ಲ. ಆದರೆ ಆ ವಿಷಯ ಕಿವಿಗೆ ಬಿದ್ದರೆ ಮೇಜಿನ ಮೇಲಿನ ಕಾಗದ ಜೋಡಿಸತೊಡಗುತ್ತಿದ್ದರು. ಪಾಯಖಾನೆಯ ಮಂಜೂರಿಗೆ ಬರೆದಿದ್ದೇನೆ, ಬರುತ್ತದೆ, ಅಲ್ಲಿಯತನಕ ಮಧ್ಯಾಹ್ನದ ಸೂಟಿಯಲ್ಲಿ ಗೇಟು ತೆಗೆಸುತ್ತೇನೆ ಎಂದರು. ಮಧ್ಯಾಹ್ನ ಗೇಟಿನ ಮುಂದೆ ಚಹಾದಂಗಡಿಯವರು, ಲಾರಿಯವರು ಕೂತಿರುತ್ತಿದ್ದರು. ಅವರ ಕಣ್ಣ ಮುಂದೆ ಗೋಡೆ ಸುತ್ತಿಕೊಂಡು ಹಿಂದಿನ ಖಣಿಗೆ ನಡೆದು ಹೋಗುವುದು ಯಾವ ಹುಡುಗಿಗೂ ಆಗಲಿಲ್ಲ. ಹುಡುಗಿಯರು ಬೋರಿಂಗಿನ ಕಡೆ ಹೋಗುವುದನ್ನೇ ಬಿಟ್ಟರು. ಮುಂಜಾನೆ ಮನೆಯಲ್ಲಿ ಒಂದು ಲೋಟ ಕುಡಿದರೆ ಮತ್ತೆ ಸಂಜೆಗೆ. ರೊಟ್ಟಿ ಬಿಚ್ಚಿದರೆ ಗಂಟಲಲ್ಲಿ ಇಳಿಯದು, ಕಟ್ಟಿಟ್ಟು ವಾಪಸು ಒಯ್ಯುತ್ತಿದ್ದರು. ಮಧ್ಯಾಹ್ನದ ಹಾಜರಿಯಲ್ಲಿ ಹೆಸರು ಕರೆದಾಗ ಹುಡುಗಿಯರ ಕಡೆಯಿಂದ ಉತ್ತರ ಕಡಿಮೆಯಾಗುತ್ತಾ ಬಂತು. ಸೂಟಿಗೆ ಗೇಟು ತೆಗೆದಾಗ ಮನೆಗೆ ಹೋದವರು ಮರಳಿ ಬರುತ್ತಿರಲಿಲ್ಲ.

ಹತ್ತನೆಯ ತರಗತಿಯಲ್ಲಿ ಒಬ್ಬಳಿದ್ದಳು. ಅವಳ ಅವ್ವ ಪಾಲಿಶ್ ಯಾರ್ಡಿನಲ್ಲಿ ಕೆಲಸಕ್ಕಿದ್ದಳು. ಚಿಂಚೋಳಿ ಕಡೆಯ ಹಳ್ಳಿಯಿಂದ ಕೂಲಿಗೆ ಬಂದು ನಿಂತವರು. ಮನೆಯಲ್ಲಿ ಬುದ್ಧನ ಫೋಟೋ ಇಟ್ಟುಕೊಂಡಿದ್ದ ಜನ. ಹುಡುಗಿ ಎತ್ತರ, ಧ್ವನಿ ದೊಡ್ಡದು, ಪದ್ಯ ಓದಿಸಿದರೆ ಪಕ್ಕದ ಕೋಣೆಗೆ ಕೇಳುವಂತೆ ಓದುತ್ತಿದ್ದಳು. ಎಂಟನೆಯ ತರಗತಿ ಮುಗಿದಾಗಲೇ ಅವಳನ್ನು ಯಾರ್ಡಿಗೆ ಹಚ್ಚುವುದಿತ್ತು. ಪಾಲಿಶ್ ಮಾಡುವಾಗ ಕಲ್ಲಿನ ಮೇಲೆ ಬಿಡದೆ ನೀರು ಹಾಕುತ್ತಾ ನಿಲ್ಲಲು ಒಬ್ಬರು ಬೇಕು. ಅದಕ್ಕೆ ಹುಡುಗಿಯರನ್ನು ಹಚ್ಚುತ್ತಾರೆ. ಹತ್ತನೆಯದು ಮುಗಿಯಲಿ, ಪರೀಕ್ಷೆ ಇಲ್ಲೇ ಆಗುತ್ತದೆ ಎಂದು ನಾನೇ ಅವರ ಮನೆಗೆ ಹೋಗಿ ಕೂತು ಹೇಳಿ ಬಂದಿದ್ದೆ.

ಆ ಅವ್ವ ಒಂದು ಮಧ್ಯಾಹ್ನ ಗೇಟಿನ ಬಳಿ ಬಂದಳು. ಮೈಯೆಲ್ಲ ಕಲ್ಲಿನ ರಾಡಿ ಒಣಗಿ ಬೂದಿ ಬಳಿದಂತಾಗಿತ್ತು. ಕೀಲಿ ಹಾಕಿತ್ತಾದ್ದರಿಂದ ನಾವು ಸರಳಿನ ಆಚೀಚೆ ನಿಂತೇ ಮಾತಾಡಿದೆವು. ಮಗಳಿಗೆ ಎರಡು ದಿನದಿಂದ ಕಿಬ್ಬೊಟ್ಟೆ ನೋವು, ಜ್ವರ, ದವಾಖಾನೆಯಲ್ಲಿ ನೀರು ಕುಡಿಯದೆ ಹೀಗಾಗಿದೆ ಎಂದರಂತೆ.

"ನಮ್ಮ ಯಾರ್ಡಿಗಿ ಗ್ವಾಡಿ ಇಲ್ಲ, ಬಾಗಲಿಲ್ಲ ಟೀಚರ್," ಎಂದಳು. "ಹೊತ್ತು ಬಂದ್ರ ಎದ್ದು ಹೋಗ್ತೀವಿ, ಯಾರೂ ಕೇಳಂಗಿಲ್ಲ. ನಿಮ್ಮ ಸಾಲಿ ಅಷ್ಟೂ ಇಲ್ಲೇನು? ನಾಳಿಂದ ಆಕಿನ್ನ ನಂಜೊತಿ ಒಯ್ತೀನಿ."

"ಒಂದು ವಾರ ತಡಿರಿ," ಎಂದೆ.

"ವಾರ ಯಾಕ? ಅಷ್ಟ್ರೊಳಗ ಗ್ವಾಡಿ ಬೀಳ್ತದೇನು?"

ಅದೇ ದಿನ ನಾನು ಹೆಡ್‌ಮಾಸ್ತರರಿಗೆ ಗೇಟಿನ ಕೀಲಿಕೈ ನನಗೆ ಕೊಡಿ ಎಂದೆ. ಹುಡುಗಿಯರನ್ನು ನಮ್ಮ ಮನೆಗೆ ಕರೆದೊಯ್ದು ಕರೆತರುತ್ತೇನೆ ಎಂದೆ. ಅವರು ಕಾಗದ ಜೋಡಿಸುವುದನ್ನು ಬಿಟ್ಟು ಕೀಲಿಕೈ ತೆಗೆದು ಮೇಜಿನ ಮೇಲಿಟ್ಟರು. ಹೆಗಲ ಮೇಲಿನ ಭಾರ ಇಳಿದವರಂತೆ ಕಂಡರು.

ಮನೆಯಲ್ಲಿ ನನ್ನ ಅತ್ತೆ ಇದ್ದರು. ನಮ್ಮ ಮನೆಯವರದು ವಾಡಿಯಲ್ಲಿ ನೌಕರಿ, ಬೆಳಗಿನ ರೈಲಿಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದರು. ನಮ್ಮದು ವೈಷ್ಣವರ ಮನೆ. ಅತ್ತೆಯದು ಭಾರಿ ಮಡಿ. ದಿನಾ ಸ್ನಾನವಾದ ಮೇಲೆ ಒಂದು ಸೀರೆ ಒಗೆದು ಹಿತ್ತಲಿನ ಎತ್ತರದ ಬಿದಿರು ಗಳದ ಮೇಲೆ ಕೋಲಿನಿಂದ ಹರವುತ್ತಿದ್ದರು. ಮರುದಿನ ಯಾರೂ ಮುಟ್ಟದ ಆ ಸೀರೆ ಉಟ್ಟು ಅಡುಗೆ, ನೈವೇದ್ಯ, ಊಟ. ಊಟವಾಗುವತನಕ ಅವರನ್ನು ಯಾರೂ ಮುಟ್ಟುವಂತಿಲ್ಲ. ನನಗೆ ನೌಕರಿ ಎಂಬ ಕಾರಣಕ್ಕೆ ಮಡಿಯ ಅಡುಗೆಯಿಂದ ರಿಯಾಯಿತಿ ಸಿಕ್ಕಿತ್ತು. ನನಗೆ, ಮನೆಯವರಿಗೆ ಬೇರೆ ಒಲೆಯ ಮೇಲೆ ನಾನು ಮಾಡಿಕೊಳ್ಳುತ್ತಿದ್ದೆ. ನಿಜ ಹೇಳಬೇಕೆಂದರೆ ನೌಕರಿಯಲ್ಲಿ ನನಗೆ ಪಗಾರಕ್ಕಿಂತ ಹೆಚ್ಚು ಪ್ರೀತಿ ಇದ್ದದ್ದು ಈ ರಿಯಾಯಿತಿಯ ಮೇಲೆ.

ಹಳೆಯ ಮನೆಗಳಲ್ಲಿದ್ದಂತೆ ನಮ್ಮ ಪಾಯಖಾನೆ ಹಿತ್ತಲಿನ ತುದಿಯಲ್ಲಿತ್ತು. ಅದಕ್ಕೆ ಓಣಿಯ ಕಡೆಯಿಂದ ಹಿಂಬಾಗಿಲೂ ಇತ್ತು. ಅತ್ತೆಗೆ ಎಲ್ಲ ಹೇಳಿದೆ. ಅವರು ಹೊಸೆಯುತ್ತಿದ್ದ ಬತ್ತಿ ಕೆಳಗಿಟ್ಟರು. ಆಮೇಲೆ, ಹುಡುಗಿಯರ ಪಾಡು ಹೆಂಗಸರಿಗೆ ಗೊತ್ತಾಗದಿದ್ದರೆ ಯಾರಿಗೆ ಗೊತ್ತಾಗಬೇಕು, ಹಿಂಬಾಗಿಲಿನಿಂದ ಬರಲಿ, ಬಾವಿ ಮುಟ್ಟಬಾರದು, ಗಳದ ಕಡೆ ಹಾಯಬಾರದು ಎಂದರು. ನಾನು ಇಷ್ಟು ಸಿಕ್ಕರೆ ಸಾಕೆಂದು ಒಪ್ಪಿದೆ. ಬಾವಿ ಮುಟ್ಟಬಾರದು ಎಂದ ಮೇಲೆ ನೀರು ನಾನೇ ಸೇದಬೇಕಾಯಿತು. ದಿನಾ ಬೆಳಕು ಹರಿಯುವ ಮುಂಚೆ ಹಿತ್ತಲಿನ ಹೌದು, ಅಂದರೆ ನೀರಿನ ತೊಟ್ಟಿ, ತುಂಬಿಸಿಡುವ ಕೆಲಸ ನನಗೆ ಹತ್ತಿತು.

ಮುಂಜಾನೆ ಒಂದು ಸಲ, ಮಧ್ಯಾಹ್ನ ಒಂದು ಸಲ, ಮೂರು ಗಂಟೆಯ ಮೇಲೆ ಒಂದು ಸಲ ಗೇಟು ತೆಗೆದು ಹುಡುಗಿಯರನ್ನು ಸಾಲಾಗಿ ರಸ್ತೆ ದಾಟಿಸುತ್ತಿದ್ದೆ. ಲೆಕ್ಕದ ಮಾಸ್ತರರು ಪಡಸಾಲೆಯಲ್ಲಿ ನಿಂತು, "ಏನ್ರಿ ಜೈಲರ್ ಮೇಡಂ, ಇವತ್ತ ಎಷ್ಟು ಮಂದಿಗಿ ಬಿಡುಗಡಿ?" ಎನ್ನುತ್ತಿದ್ದರು. ನಗುತ್ತಿದ್ದೆ. ಆದರೆ ಕೀಲಿಕೈ ಸೆರಗಿಗೆ ಬಂದ ಮೇಲೆ ನನಗೆ ಬಿಡುಗಡೆ ಇರಲಿಲ್ಲ. ಎಲ್ಲರಿಗಿಂತ ಮೊದಲು ಬಂದು ಗೇಟು ತೆಗೆಯಬೇಕು, ಎಲ್ಲರಿಗಿಂತ ಕೊನೆಗೆ ಹಾಕಬೇಕು. ಸೇಡಂನಲ್ಲಿ ತಂಗಿಯ ಮಗುವಿನ ತೊಟ್ಟಿಲ ಕಾರ್ಯಕ್ಕೆ ಹೋಗಲು ಆಗಲಿಲ್ಲ. ಒಂದು ದಿನ ತಲೆಶೂಲೆ ಎದ್ದು ಮಲಗಿದ್ದೆ. ಹನ್ನೊಂದಕ್ಕೆ ಹುಡುಗಿಯರು ಗೇಟಿನ ಆ ಬದಿಗೆ ನಿಂತು ನಮ್ಮ ಮನೆಯ ಕಡೆ ನೋಡುತ್ತಿರುವುದು ಕಿಟಕಿಯಿಂದ ಕಂಡಿತು. ಎದ್ದು ಹೋದೆ.

ಆದರೂ ಮಧ್ಯಾಹ್ನದ ಹಾಜರಿಯಲ್ಲಿ ಉತ್ತರಗಳು ಮರಳಿದವು. ಆ ಹುಡುಗಿಯೂ ಬಂದಳು. ಬೋರಿಂಗಿನ ಮುಂದೆ ಗದ್ದಲ ಶುರುವಾಯಿತು.

ಸಂಕ್ರಾಂತಿ ಮುಗಿದ ಮೇಲೆ ಒಂದು ದಿನ ಗಾಳಿ ಜೋರಾಗಿ ಬೀಸುತ್ತಿತ್ತು. ಅತ್ತೆಯ ಮಡಿ ಸೀರೆ ಗಳದಿಂದ ಜಾರಿ ಹಿತ್ತಲಲ್ಲಿ ಬಿತ್ತು. ಆಗ ಹಿತ್ತಲಲ್ಲಿದ್ದದ್ದು ಆ ಹುಡುಗಿ. ಬಿದ್ದ ಸೀರೆಯನ್ನು ನೋಡಿ ಯಾವ ಮನೆಯ ಒಳ್ಳೆಯ ಹುಡುಗಿಯಾದರೂ ಮಾಡುವುದನ್ನೇ ಮಾಡಿದಳು. ಎತ್ತಿ, ಮಣ್ಣು ಝಾಡಿಸಿ, ಎತ್ತರದವಳಾದ್ದರಿಂದ ಕೋಲಿನ ಹಂಗಿಲ್ಲದೆ ಗಳದ ಮೇಲೆ ನೆರಿಗೆ ಬರದಂತೆ ಹರವಿದಳು. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದರು. ನಾನು ಹಿಂಬಾಗಿಲಲ್ಲಿ ನಿಂತು ನೋಡಿದೆ.

"ಬಿದ್ದಿತ್ರಿ ಅಜ್ಜಿ. ಹಾಕೀನಿ," ಎಂದಳು ಹುಡುಗಿ. ಮುಖ ನಗುತ್ತಿತ್ತು.

ಅತ್ತೆ ಬೈಯಲಿಲ್ಲ. ಹೂಂ ಎಂದರು. ಹುಡುಗಿಯರು ಹೊರಗೆ ಹೋಗುವತನಕ ಕಾದು, ಕೋಲಿನಿಂದ ಆ ಸೀರೆಯನ್ನು ಕಲ್ಲಿನ ಮೇಲೆ ಇಳಿಸಿಕೊಂಡು ಒಗೆಯಲು ಕೂತರು. ಸೀರೆ ಮುಟ್ಟಿದ್ದಕ್ಕೆ ತಾವೂ ಮತ್ತೆ ತಲೆಯ ಮೇಲೆ ನೀರು ಸುರಿದುಕೊಂಡರು. ಆದರೆ ನಮ್ಮ ಹಿಂಬಾಗಿಲ ಹಲಗೆಯಲ್ಲಿ ಬಿರುಕು ದೊಡ್ಡದಿತ್ತು. ಆ ಹುಡುಗಿ ತನ್ನ ಹೇರ್‌ಪಿನ್ ಬಿದ್ದಿದೆಯೆಂದು ಮರಳಿ ಬಂದವಳು ಬಿರುಕಿನಿಂದ ಅದನ್ನೆಲ್ಲ ನೋಡಿದಳಂತೆ. ಗೆಳತಿಯರು ಆಮೇಲೆ ನನಗೆ ಹೇಳಿದರು.

ಸಂಜೆ ಮನೆಗೆ ಬಂದರೆ ಅತ್ತೆ, ಒಗೆದ ಸೀರೆ ಒಣಗುವತನಕ ಕಾದು, ಅದೇ ಆಗ ಉಂಡು ಮಲಗಿದ್ದರು. ಹಿಂಬಾಗಿಲಿಗೆ ಅಗಳಿ ಬಿದ್ದಿತ್ತು.

"ಆ ಹುಡುಗೀದು ತಪ್ಪಿಲ್ಲವಾ," ಎಂದರು. "ನಂದೂ ಇಲ್ಲ. ಈ ವಯಸ್ಸಿನಾಗ ದಿನಕ್ಕ ಎರಡ ಸಲ ತಣ್ಣೀರು ಹಾಕ್ಕೊಂಡು ಸಂಜಿಗೆ ಉಣ್ಣೂದು ನನ್ನ ಕಡಿಂದ ಆಗೂದಿಲ್ಲ. ನೀ ಬ್ಯಾರೆ ದಾರಿ ನೋಡಿಕೋ."

ಬೇರೆ ದಾರಿ ಯಾವುದಿತ್ತು? ಮನೆಯವರನ್ನು ಕೇಳಿದರೆ, ನಿಮ್ಮಿಬ್ಬರ ನಡುವೆ ನಾನು ಬರುವುದಿಲ್ಲ ಎಂದು ರೇಡಿಯೋದ ಕಿವಿ ಹಿಂಡಿದರು. ಮರುದಿನ ಗೇಟು ತೆಗೆಯಲಿಲ್ಲ. ಹುಡುಗಿಯರು ಕೇಳಲೂ ಇಲ್ಲ. ಅದು ಹೇಗೋ ಅವರಿಗೆಲ್ಲ ತಿಳಿದಿತ್ತು. ಆ ಹುಡುಗಿಯ ಬೆಂಚು ಖಾಲಿ ಇತ್ತು, ಮರುದಿನವೂ ಖಾಲಿ.

ಎರಡು ರಾತ್ರಿ ಯೋಚಿಸಿ ಅತ್ತೆಯ ಮುಂದೆ ಕೂತೆ. ಇನ್ನು ಮೇಲೆ ಮಡಿಯ ಅಡುಗೆ ನಾನು ಮಾಡುತ್ತೇನೆ, ಬೆಳಿಗ್ಗೆ ಎಂಟರೊಳಗೆ ಎಲ್ಲ ಮುಗಿಸಿ ನಿಮ್ಮ ಕೈಗೆ ಕೊಟ್ಟು ಸೀರೆ ಬದಲಿಸಿ ಶಾಲೆಗೆ ಹೋಗುತ್ತೇನೆ, ಮಡಿ ಸೀರೆಗಳನ್ನು ಹಿತ್ತಲಲ್ಲಿ ಬೇಡ, ಅಟ್ಟದ ಕೆಳಗೆ ಒಳಕೋಣೆಯಲ್ಲಿ ಗಳ ಕಟ್ಟಿಸಿ ಹರವುತ್ತೇನೆ, ನೀವು ಹಿತ್ತಲಿಗೆ ಇಳಿಯುವ ಕೆಲಸವೇ ಇರುವುದಿಲ್ಲ ಎಂದೆ. ಅತ್ತೆ ನನ್ನ ಮುಖ ನೋಡಿದರು. ಮದುವೆಯಾದಾಗಿನಿಂದ ಅವರಿಗೆ ಬೇಕಾಗಿದ್ದದ್ದು ಅದೇ. ನಾನು ತಪ್ಪಿಸಿಕೊಂಡು ಬಂದದ್ದೂ ಅದನ್ನೇ.

"ಖರೇನಽ ಮಾಡ್ತೀಯಾ?"

"ಮಾಡ್ತೀನಿ."

ಎದ್ದು ಹೋಗಿ ತಾವೇ ಅಗಳಿ ತೆಗೆದರು.

ಅಲ್ಲಿಂದ ನೇರ ಪಾಲಿಶ್ ಯಾರ್ಡಿಗೆ ನಡೆದೆ. ಮಿಷನ್ನಿನ ಸದ್ದಿಗೆ ಕಿವಿ ಮುಚ್ಚಿಕೊಳ್ಳುವಂತಾಗುತ್ತಿತ್ತು. ಹುಡುಗಿ ಡಬ್ಬಿಯಿಂದ ಕಲ್ಲಿನ ಮೇಲೆ ನೀರು ಸುರಿಯುತ್ತಾ ನಿಂತಿದ್ದಳು. ಕಾಲು ಮೊಣಕಾಲಿನವರೆಗೆ ಬೂದು ರಾಡಿ. ನನ್ನನ್ನು ಕಂಡು ಅವ್ವ ಮಿಷನ್ ನಿಲ್ಲಿಸಲು ಹೇಳಿದಳು. ಹಿಂಬಾಗಿಲು ತೆಗೆದಿದೆ, ಇನ್ನು ಏನೂ ತ್ರಾಸಿಲ್ಲ, ನಾಳೆ ಬಾ ಎಂದೆ.

"ಸಾಲಿಗಿ ಬರ್ತೀನ್ರಿ," ಎಂದಳು ಹುಡುಗಿ. ಬಗ್ಗಿ ಡಬ್ಬಿ ತುಂಬಿಕೊಳ್ಳುತ್ತಿದ್ದಳು. "ನಿಮ್ಮ ಮನಿಗಿ ಬರಂಗಿಲ್ಲ."

"ಯಾಕ? ಅತ್ತಿಯವರೇ ಅಗಳಿ ತೆಗದಾರ."

"ನಾ ಬಂದ್ರ ಆ ಮುದುಕಿ ಮತ್ತ ಚಳ್ಯಾಗ ಮೈ ತೊಳ್ಕೊಂಬೇಕಾಗ್ತದ. ಒಲ್ಲೆ ಟೀಚರ್."

ಅವಳು ಅತ್ತೆಯ ಮೇಲಿನ ಕನಿಕರಕ್ಕೆ ಹಾಗೆ ಹೇಳಿದಳೋ, ಸಿಟ್ಟಿಗೋ, ನನಗೆ ತಿಳಿಯಲಿಲ್ಲ. ಎರಡೂ ಇದ್ದಿರಬೇಕು. ಅವ್ವ ನನ್ನ ಕಡೆ ನೋಡದೆ, "ಆಕಿ ಮಾತು ಆಕೀದು," ಎಂದಳು.

"ದಿನಪೂರ್ತಿ ಹ್ಯಾಂಗ ಇರ್ತಿ?"

"ಇರ್ತೀನ್ರಿ. ಪರೀಕ್ಷಿ ತನಕಷ್ಟೇ ಅಲ್ಲ?"

ಹಾಗೇ ಇದ್ದಳು. ಉಳಿದವರು ಮೊದಲಿನಂತೆ ಸಾಲಾಗಿ ರಸ್ತೆ ದಾಟುತ್ತಿದ್ದರು. ಅವಳು ಬೇವಿನ ಗಿಡದ ಕೆಳಗೆ ಪುಸ್ತಕ ಹಿಡಿದು ಕೂತಿರುತ್ತಿದ್ದಳು. ನಾನು ಗೇಟು ತೆಗೆದು ಅವಳ ಕಡೆ ನೋಡುತ್ತಿದ್ದೆ, ಅವಳು ಪುಟ ತಿರುವುತ್ತಿದ್ದಳು. ಬೋರಿಂಗಿನ ಕಡೆ ಹೋಗುತ್ತಿರಲಿಲ್ಲ. ಫೆಬ್ರವರಿ ಮುಗಿದು ಬಿಸಿಲು ಏರಿತು, ಮಾಳಿಗೆಯ ಕಲ್ಲು ಕಾದು ಮಧ್ಯಾಹ್ನದ ಪಿರಿಯಡ್ಡುಗಳಲ್ಲಿ ಒಲೆಯ ಮುಂದೆ ಕೂತಂತಾಗುತ್ತಿತ್ತು. ಅವಳ ತುಟಿ ಒಡೆದಿರುತ್ತಿತ್ತು. ಪದ್ಯ ಓದು ಎಂದರೆ ಓದುತ್ತಿದ್ದಳು, ಧ್ವನಿ ಮಾತ್ರ ಪಕ್ಕದ ಕೋಣೆಗೆ ಕೇಳುತ್ತಿರಲಿಲ್ಲ. ಬರುವುದಿಲ್ಲವೆಂದ ಅವಳನ್ನು ಎಳೆದೊಯ್ಯುವಂತಿರಲಿಲ್ಲ, ಬರಲು ಒಪ್ಪಿದವರನ್ನು ಬಿಡುವಂತಿರಲಿಲ್ಲ. ನಾನು ನಸುಕಿಗೇ ಎದ್ದು ಹೌದು ತುಂಬಿಸಿ, ತಣ್ಣೀರು ಹಾಕಿಕೊಂಡು, ಒಳಕೋಣೆಯ ಗಳದಿಂದ ಕೋಲಿನಲ್ಲಿ ಸೀರೆ ಇಳಿಸಿ, ಅತ್ತೆಯ ಸಾರು ಅನ್ನ ಇಳಿಸಿಟ್ಟು, ಮತ್ತೆ ಸೀರೆ ಬದಲಿಸಿ ಗೇಟಿಗೆ ಓಡುತ್ತಿದ್ದೆ. ಅಗಳಿ ತೆಗೆಸಿದ್ದು ಯಾರಿಗಾಗಿಯೋ ಅವಳೊಬ್ಬಳು ಆ ಬಾಗಿಲಲ್ಲಿ ಬರಲಿಲ್ಲ.

ಗೋಡೆ ನೋಡಿ ಕೇಂದ್ರ ಕೊಟ್ಟರು. ಆ ವರ್ಷ ನಮ್ಮ ಹುಡುಗಿಯರೆಲ್ಲ ಪರೀಕ್ಷೆಗೆ ಕೂತರು. ಸ್ವಂತ ಶಾಲೆಯ ಮಾಸ್ತರರು ಪರೀಕ್ಷೆಯ ಹೊತ್ತಿಗೆ ಒಳಗೆ ಇರಬಾರದೆಂಬ ನಿಯಮ. ಬೇರೆ ಊರಿನಿಂದ ಬಂದ ಮೇಲ್ವಿಚಾರಕರಿಗೆ ಕೀಲಿಕೈ ಕೊಟ್ಟು ನಾನು ಮನೆಯಲ್ಲಿ ಉಳಿದೆ. ಮನೆಯಲ್ಲಿ ಉಳಿದ ಮೇಲೆ ಅತ್ತೆಗೆ ಬಡಿಸುವುದೂ ನನ್ನದೇ ಆಯಿತು, ಅವರ ಊಟವಾಗುವತನಕ ಮಡಿಯಲ್ಲೇ ಇರಬೇಕು. ಮಡಿ ಸೀರೆಯಲ್ಲೇ ಕಿಟಕಿಯ ಬಳಿ ನಿಂತು ರಸ್ತೆಯಾಚೆಯ ಕಲ್ಲಿನ ಗೋಡೆ ನೋಡುತ್ತಿದ್ದೆ. ಒಳಗೆ ಏನು ನಡೆದಿದೆ ಎಂಬುದು ಕಾಣುತ್ತಿರಲಿಲ್ಲ. ಅಷ್ಟು ಎತ್ತರ ಬೇಕೆಂದು ನಾವೇ ನಿಲ್ಲಿಸಿದ ಕಲ್ಲುಗಳು.

ಕೊನೆಯ ಪರೀಕ್ಷೆಯ ದಿನ ಗಂಟೆ ಹೊಡೆದ ಮೇಲೆ ಮಕ್ಕಳು ಹೊರಗೆ ಬಂದರು. ಆ ಹುಡುಗಿ ಓಣಿಯ ಕಡೆಯಿಂದ ನಡೆದು ಬಂದು ನಮ್ಮ ಹಿಂಬಾಗಿಲ ಹೊರಗೆ ನಿಂತಳು. ಒಳಗೆ ಕಾಲಿಡಲಿಲ್ಲ. ಹೇಗಾಯಿತು ಎಂದು ಕೇಳಿದೆ. ಸಲೀಸಿತ್ತು ಎಂದಳು. ಆಮೇಲೆ ನೀರು ಕೇಳಿದಳು.

ತಾಮ್ರದ ಲೋಟ ತುಂಬಿ ತಂದೆ. ಅವಳು ಅಷ್ಟರಲ್ಲೇ ಬಗ್ಗಿ ಎರಡೂ ಕೈ ಬೊಗಸೆ ಮಾಡಿ ಬಾಯಿಗೆ ಹಿಡಿದು ನಿಂತಿದ್ದಳು. ಮೇಲಿನಿಂದ ಸುರಿಯಲಿ ಎಂದು.

"ಲೋಟ ಹಿಡಿ," ಎಂದೆ.

"ಬ್ಯಾಡ್ರಿ. ಮಡ್ಯಾಗ ಇದ್ದೀರಿ."

ಅವಳಿಗೆ ನನ್ನ ಸೀರೆ ನೋಡಿಯೇ ಗೊತ್ತಾಗಿತ್ತು. ನಾನು ಬಾಗಿಲು ದಾಟಿ ಓಣಿಗೆ ಇಳಿದು ಅವಳ ಬೊಗಸೆ ಬಿಡಿಸಿ ಲೋಟ ಕೈಯಲ್ಲಿಟ್ಟೆ. ಕೈ ಬಿಸಿ ಇತ್ತು, ಬೆರಳಿಗೆಲ್ಲ ಶಾಯಿ. ಎತ್ತಿ ಸುರಿದುಕೊಳ್ಳದೆ, ತುಟಿ ಹಚ್ಚಿ ಒಂದೇ ಉಸಿರಿಗೆ ಕುಡಿದು ಇನ್ನೊಂದು ಎಂದಳು. ತಂದುಕೊಟ್ಟೆ. ಅದನ್ನೂ ಕುಡಿದು, ಲೋಟವನ್ನು ಹೊಸ್ತಿಲ ಹೊರಗೆ ಇಟ್ಟು, ಅವ್ವ ಕಾಯುತ್ತಿದ್ದಾಳೆ ಎಂದು ಹೊರಟಳು.

ಒಳಗೆ ಅತ್ತೆ ಎಲೆಯ ಮುಂದೆ ಕೂತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು. ಸಿಟ್ಟಾಗಲಿಲ್ಲ.

"ಹಸಿವ್ಯಾಗ್ಯದವಾ," ಎಂದರು. "ಲಗೂ ಸ್ನಾನ ಮಾಡಿ ಬಾ. ನಾ ಕಾಯ್ತೀನಿ."

ಲೋಟವನ್ನು ಬೂದಿ ಹಾಕಿ ತಿಕ್ಕಿದೆ. ಬಾವಿಯಿಂದ ಕೊಡ ಸೇದಿ ತಲೆಯ ಮೇಲೆ ಸುರಿದುಕೊಂಡೆ. ನೀರು ಸುರಿಯುವಾಗ ಅವಳು ಓಣಿಯ ತಿರುವು ದಾಟಿ ಹೋಗಿರಬಹುದೇ, ಸದ್ದು ಅವಳಿಗೆ ಕೇಳಿಸಿತೇ ಎಂದು ಕಿವಿಗೊಟ್ಟೆ. ಆಮೇಲೆ ಬೇರೆ ಸೀರೆ ಉಟ್ಟು ಅತ್ತೆಗೆ ಬಡಿಸಿದೆ.

ಹುಡುಗಿ ಪಾಸಾದಳು. ಅವ್ವ ಪೇಢೆ ತಂದು ಶಾಲೆಯ ಗೇಟಿನಲ್ಲಿ ಕೊಟ್ಟಳು, ಮನೆಗೆ ತರಲಿಲ್ಲ. ಮುಂದಿನ ವರ್ಷ ಬೇವಿನ ಗಿಡದ ಆಚೆ ಹುಡುಗಿಯರಿಗೆಂದು ಎರಡು ಪಾಯಖಾನೆ ಕಟ್ಟಿದರು, ಅವೂ ಕಲ್ಲಿನವೇ. ಹಿಂಬಾಗಿಲ ಕೆಲಸ ಮುಗಿಯಿತು. ಮಡಿಯ ಅಡುಗೆ ಬಿಡುತ್ತೇನೆ ಎಂದು ಅತ್ತೆಗೆ ಹೇಳಲು ನನಗೆ ಬಾಯಿ ಬರಲಿಲ್ಲ, ಅವರಿಗೂ ಆ ಹೊತ್ತಿಗೆ ಒಲೆಯ ಮುಂದೆ ಕೂರಲು ಆಗುತ್ತಿರಲಿಲ್ಲ. ಅವರು ಇರುವತನಕ, ಮುಂದಿನ ಎಷ್ಟೋ ವರ್ಷ, ನಸುಕಿನಲ್ಲಿ ಎದ್ದು ಒಳಕೋಣೆಯ ಗಳದಿಂದ ಕೋಲಿನಲ್ಲಿ ಸೀರೆ ಇಳಿಸುತ್ತಿದ್ದೆ.